‘ಅದೂ ಮಾತ್ರೆ ಲೆಕ್ಕಕ್ಕೆ ಬರುತ್ತಾ ಮೇಡಂ?’

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಇವರನ್ನು ಶಾರದಾ ಎನ್ನೋಣ. ವಯಸ್ಸು 37, ಇಬ್ಬರು ಮಕ್ಕಳು, ಅತ್ತೆ ಮಾವನ ಜೊತೆ ಸಂಸಾರ.

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದು ಸಿಟ್ಟಿನ ವಿಷಯಕ್ಕೆ. ಹಬ್ಬ ಹತ್ತಿರ ಬಂದರೆ ಮಕ್ಕಳ ಮೇಲೆ ರೇಗಾಡುತ್ತಾರೆ, ಆಮೇಲೆ ಬಚ್ಚಲಲ್ಲಿ ಕೂತು ಅಳುತ್ತಾರೆ. ಯಾವುದಾದರೂ ಮಾತ್ರೆ ತಗೊಳ್ತೀರಾ ಎಂದು ಮೊದಲ ದಿನವೇ ಕೇಳಿದ್ದೆ. “ಇಲ್ಲ ಮೇಡಂ, ಬಿಪಿ ಶುಗರ್ ಏನೂ ಇಲ್ಲ” ಅಂದರು.

ಎರಡನೇ ಸಲ ಬಂದಾಗ, ಮುಂದಿನ ಭೇಟಿಯ ದಿನ ನೋಡಲು ಪರ್ಸಿನಿಂದ ಪುಟ್ಟ ಕ್ಯಾಲೆಂಡರ್ ಎಳೆದರು. ಅದರ ಜೊತೆ ಒಂದು ಸ್ಟ್ರಿಪ್ಪೂ ಬಂತು. ಹತ್ತರಲ್ಲಿ ಆರು ಮಾತ್ರೆ ಉಳಿದಿದ್ದವು. ನೋರೆಥಿಸ್ಟೆರಾನ್, 5 ಮಿ.ಗ್ರಾಂ.

“ಇದಾ? ಡೇಟ್ ಮುಂದಕ್ಕೆ ಹಾಕೋದು. ಅದೂ ಮಾತ್ರೆ ಲೆಕ್ಕಕ್ಕೆ ಬರುತ್ತಾ ಮೇಡಂ?”

ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಚುಕ್ಕೆಗಳಿದ್ದವು. ವರಮಹಾಲಕ್ಷ್ಮಿ, ಗೌರಿ, ಮೈದುನನ ಮದುವೆ, ನಾದಿನಿ ಮನೆ ಗೃಹಪ್ರವೇಶ. ಮುಂದಿನ ಚುಕ್ಕೆ ಕಾಶಿಯಾತ್ರೆಗೆ. ಗಂಡ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದುಕೊಡುತ್ತಿದ್ದರು.

ಮುಟ್ಟಿಗೆ ಮುಂಚೆ ಮೈಯಲ್ಲಿ ಪ್ರೊಜೆಸ್ಟರಾನ್ ಇಳಿಯುತ್ತದೆ. ಇಳಿದಾಗ ಗರ್ಭಕೋಶದ ಒಳಪದರ ಕಳಚುತ್ತದೆ. ಈ ಮಾತ್ರೆ ಅದೇ ಹಾರ್ಮೋನಿನ ಕೆಲಸ ಮಾಡಿ ಪದರವನ್ನು ಹಿಡಿದಿಡುತ್ತದೆ. ಸಾಮಾನ್ಯವಾಗಿ ಡೇಟಿಗೆ 3 ದಿನ ಮುಂಚೆ ಶುರು, ದಿನಕ್ಕೆ 3 ಸಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು. 1951ರಲ್ಲಿ ಮೆಕ್ಸಿಕೋದ ಪ್ರಯೋಗಾಲಯದಲ್ಲಿ ಹುಟ್ಟಿದ ಔಷಧಿ ಇದು, ಗರ್ಭನಿರೋಧಕ ಮಾತ್ರೆಗಳಲ್ಲೂ ಸೇರಿತು. ನಮ್ಮ ಕಡೆ ಮಾತ್ರ ಪೂಜೆ ಸಾಮಾನಿನ ಪಟ್ಟಿಯಲ್ಲಿ ಕರ್ಪೂರದ ಪಕ್ಕ ಹೋಗಿ ಕೂತಿದೆ!

ಇದರಲ್ಲೊಂದು ಗುಟ್ಟಿದೆ. ಮೈಯೊಳಗೆ ಇದರ ಸ್ವಲ್ಪ ಭಾಗ ಎಥಿನೈಲ್ ಎಸ್ಟ್ರಾಡಿಯಾಲ್ ಆಗಿ ಬದಲಾಗುತ್ತದೆ. ಬಹಳಷ್ಟು ಗರ್ಭನಿರೋಧಕ ಮಾತ್ರೆಗಳಲ್ಲಿರುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಅದೇ. ದಿನಕ್ಕೆ 10ರಿಂದ 20 ಮಿ.ಗ್ರಾಂ ನುಂಗಿದರೆ, 20ರಿಂದ 30 ಮೈಕ್ರೋಗ್ರಾಂ ಈಸ್ಟ್ರೊಜೆನ್ ಇರುವ ಮಾತ್ರೆ ತಗೊಂಡ ಹಾಗೆ. ಈ ಈಸ್ಟ್ರೊಜೆನ್ ಯಕೃತ್ತಿನ ಮೂಲಕ ಹೋಗುವಾಗ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ನಾಲ್ಕು ದಿನ ತಗೊಂಡ ಹೆಚ್ಚಿನವರಿಗೆ ಏನೂ ಆಗಲ್ಲ, ನಿಜ. ಆದರೆ ಯಾರಿಗೆ ಆಗಬಹುದು ಎಂದು ಕೇಳುವವರು ಬೇಕಲ್ವಾ?

ತಲೆನೋವಿದೆಯಾ ಅಂದೆ.

“ಇದೆ. ಬರೋ ಮುಂಚೆ ಕಣ್ಣಿನ ಒಂದು ಪಕ್ಕ ರಂಗೋಲಿ ಎಳೆ ಮಿಣಮಿಣ ಅಂದ ಹಾಗಾಗುತ್ತೆ. ಇಪ್ಪತ್ತು ನಿಮಿಷ. ಆಮೇಲೆ ತಲೆ ಸಿಡಿಯುತ್ತೆ.”

ನಾನು ಪೆನ್ ಕೆಳಗಿಟ್ಟೆ. ಹೀಗೆ ಬೆಳಕು ಕಾಣಿಸಿ ಬರುವ ಮೈಗ್ರೇನ್ ಇದ್ದರೆ ಪಾರ್ಶ್ವವಾಯುವಿನ ಭಯಕ್ಕೆ ವೈದ್ಯರು ಈಸ್ಟ್ರೊಜೆನ್ ಮಾತ್ರೆ ಕೊಡುವುದಿಲ್ಲ. ಇವರದ್ದು ಅದೇನಾ ಎಂದು ಹೇಳುವುದು ನನ್ನ ಕೆಲಸವಲ್ಲ. ಸ್ತ್ರೀರೋಗ ತಜ್ಞರಿಗೆ ಪತ್ರ ಬರೆದೆ. ರಂಗೋಲಿ ಮಾತನ್ನು ಹಾಗೇ ಹಾಕಿದೆ, ಕಾಶಿಗೆ ಎರಡು ರಾತ್ರಿ ರೈಲಿನಲ್ಲಿ ಕೂರಬೇಕು ಎನ್ನುವುದನ್ನೂ ಸೇರಿಸಿದೆ, ಬಹಳ ಹೊತ್ತು ಕೂತೇ ಇದ್ದರೂ ರಕ್ತ ಹೆಪ್ಪುಗಟ್ಟುವ ಭಯ ಇದೆಯಲ್ಲ.

ಅವರಿಗೆ ಹೇಳಿದ್ದು ಇಷ್ಟು. ಡಾಕ್ಟರ್ ನೋಡುವ ತನಕ ಉಳಿದ ಆರು ಮಾತ್ರೆ ಮುಟ್ಟಬೇಡಿ. ಒಂದೇ ಕಾಲು ಊದಿಕೊಂಡು ನೋವು, ಉಸಿರು ಕಟ್ಟುವುದು, ಎದೆನೋವು, ಮುಖ ವಾರೆಯಾಗುವುದು, ಮಾತು ತೊದಲುವುದು, ಇದರಲ್ಲಿ ಯಾವುದು ಬಂದರೂ ಬೆಳಗಾಗಲಿ ಅನ್ನದೆ ಆಸ್ಪತ್ರೆಗೆ ಹೋಗಿ. ಇನ್ನೊಂದು, ಮನೆಯಲ್ಲಿ ಮಾತಾಡಿ.

ಅಲ್ಲೇ ತಡೆದಿತ್ತು. “ಅತ್ತೆ ಒಪ್ಪಲ್ಲ.”

“ಮಾತ್ರೆ ತಗೊ ಅಂತ ಅವರು ಹೇಳಿದ್ರಾ?”

ಬಹಳ ಹೊತ್ತು ಸುಮ್ಮನಿದ್ದರು. ಯಾರೂ ಹೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗೌರಿಹಬ್ಬದ ದಿನ ಹೊರಗಾಗಿ, ಯಾರೋ ನೆಂಟರು ಆಡಿದ ಒಂದು ಮಾತು ಮನಸ್ಸಲ್ಲಿ ಕೂತಿತ್ತು. ಮನೆಯಲ್ಲಿ ಮಾತು ಶುರು ಮಾಡುವುದು ಹೇಗೆಂದು ಇಬ್ಬರೂ ಕೂತು ಎರಡು ವಾಕ್ಯ ಗೊತ್ತು ಮಾಡಿಕೊಂಡೆವು. ಅಡುಗೆಮನೆಯಲ್ಲಿ, ಅತ್ತೆ ಒಬ್ಬರೇ ಇದ್ದಾಗ, ಗಂಡನನ್ನು ಮುಂದೆ ಬಿಡದೆ.

ಡಾಕ್ಟರ್ ಈ ಮಾತ್ರೆ ಬೇಡವೇ ಬೇಡ ಅಂದರು. ಅತ್ತೆ ಅಂದದ್ದನ್ನು ಶಾರದಾ ನಗುತ್ತಾ ತಿಳಿಸಿದರು: “ಟಿಕೆಟ್ ಇನ್ನೂ ಮಾಡಿಸಿಲ್ವಲ್ಲೇ, ಮೊದಲೇ ಬಾಯಿ ಬಿಡಬಾರದಾಗಿತ್ತಾ?” ಯಾತ್ರೆ ಒಂಬತ್ತು ದಿನ ಮುಂದಕ್ಕೆ ಹೋಯಿತು.

ಈ ಮಾತ್ರೆಯಿಂದ ಕೆಲವರಿಗೆ ಮನಸ್ಸು ಏರುಪೇರಾಗುತ್ತದೆ. ಆದರೆ ಇವರ ಸಿಟ್ಟೆಲ್ಲ ಅದರದ್ದೇ ಎಂದು ನಾನು ಹೇಳಲಾರೆ. ಹಬ್ಬದ ದಿನ ನಲವತ್ತು ಜನಕ್ಕೆ ಒಬ್ಬರೇ ಹೋಳಿಗೆ ತಟ್ಟುತ್ತಾರೆ. ಈಗ ಆ ಮಾತು ನಡೆಯುತ್ತಿದೆ.