ರಾಕೆಟ್ ಹಾರಿದ ಮೇಲೆ ಏನಾಯಿತು?

ಪ್ರಿಯ ಬರಹಗಾರರೆ,

ನಿಮ್ಮ ‘ಪಿನಾಕಪಾಣಿ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಕಾರಣ ನಿಮ್ಮ ಹನ್ನೊಂದನೆಯ ಪುಟದಲ್ಲಿದೆ, ಅಲ್ಲಿಗೆ ಬರುತ್ತೇನೆ.

ಮೊದಲು ಇಸವಿಯ ತಕರಾರು. ಕಥೆ ನಡೆಯುವುದು 1999ರ ಜೂನ್‌ನಲ್ಲಿ, ದ್ರಾಸ್‌ನಲ್ಲಿ. ಅಲ್ಲಿಗೆ ನೀವು ಶಿವನ ಬಿಲ್ಲಿನ ಹೆಸರು ಹೊತ್ತ ನಮ್ಮ ರಾಕೆಟ್ ಲಾಂಚರ್ ಪಿನಾಕದ ಇಡೀ ರೆಜಿಮೆಂಟನ್ನೇ ತಂದು ನಿಲ್ಲಿಸಿದ್ದೀರಿ. ಆ ಕಾರ್ಗಿಲ್ ಯುದ್ಧದಲ್ಲಿ ಪಿನಾಕ ಇನ್ನೂ ಪ್ರಯೋಗದ ಹಂತದಲ್ಲಿತ್ತು. ಅದರ ಮೊದಲ ರೆಜಿಮೆಂಟ್ ಹುಟ್ಟಿದ್ದು 2000ದಲ್ಲಿ. ಕಾರ್ಗಿಲ್‌ನಲ್ಲಿ ದುಡಿದದ್ದು ಸೋವಿಯತ್ ಮೂಲದ ರಾಕೆಟ್ ಲಾಂಚರ್ ಗ್ರಾಡ್: ಟ್ರಕ್ಕಿನ ಬೆನ್ನಮೇಲೆ 122 ಮಿ.ಮೀ.ನ 40 ಕೊಳವೆ, 20 ಸೆಕೆಂಡಿನಲ್ಲಿ ಎಲ್ಲವೂ ಖಾಲಿ. ರಷ್ಯನ್ ಭಾಷೆಯಲ್ಲಿ ಗ್ರಾಡ್ ಎಂದರೆ ಆಲಿಕಲ್ಲು. ಹೆಸರು ಬದಲಾದರೆ ಶಿವನ ಬಿಲ್ಲಿನ ಉಪಮೆಗಳೆಲ್ಲ ಉದುರಿಹೋಗುತ್ತವೆ. ಹೋಗಲಿ ಬಿಡಿ. ಶಿವ ತ್ರಿಪುರವನ್ನು ಸುಟ್ಟದ್ದು ಒಂದೇ ಬಾಣದಿಂದ. ಪಿನಾಕ 44 ಸೆಕೆಂಡಿಗೆ 12 ರಾಕೆಟ್ ಹಾರಿಸುತ್ತದೆ. ನಿಮ್ಮ ಉಪಮೆ ಮೊದಲಿನಿಂದಲೂ ಕುಂಟುತ್ತಿತ್ತು.

ಎರಡನೆಯದು ನಿಮ್ಮ ಹವಾಲ್ದಾರರ ದುರ್ಬೀನು. ಅವರು ಶಿಖರದ ಬಂಕರೊಂದನ್ನು ಕಣ್ಣಾರೆ ಕಂಡು, ಲಾಂಚರಿನ ಪಕ್ಕದಲ್ಲೇ ನಿಂತು ಗುಂಡಿ ಒತ್ತಿ, ಅದೊಂದನ್ನೇ ಉಡಾಯಿಸುತ್ತಾರೆ. ಆ ಕೆಲಸಕ್ಕೆ ಬೊಫೋರ್ಸ್ ಫಿರಂಗಿ ಇತ್ತು. ಕಾರ್ಗಿಲ್‌ನಲ್ಲಿ ಅದನ್ನು ನೇರ ಗುರಿಗೂ ಬಳಸಿದರು. ಗ್ರಾಡ್ ಒಂದು ಬಿಂದುವಿಗೆ ಹೊಡೆಯುವ ಆಯುಧವಲ್ಲ, ಒಂದು ಹರವಿನ ಮೇಲೆ ಸುರಿಯುವ ಆಯುಧ. ಹಾರಿಸುವವರಿಗೆ ಗುರಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಪಕ್ಕದಲ್ಲಿ ನಿಂತವರನ್ನು ಹಿಂದಕ್ಕೆ ಉಗುಳುವ ಬೆಂಕಿ ಬಿಡುವುದಿಲ್ಲ. ಆದ್ದರಿಂದಲೇ ಗುಂಡಿ ಟ್ರಕ್ಕಿನ ಕ್ಯಾಬಿನ್ನಿನಲ್ಲಿರುತ್ತದೆ, ಇಲ್ಲವೇ ಉದ್ದನೆಯ ಕೇಬಲ್ಲಿನ ತುದಿಯಲ್ಲಿ.

ನಡುವೆ ಟಿಪ್ಪುವಿನ ರಾಕೆಟ್ಟುಗಳಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಕಬ್ಬಿಣದ ಕೊಳವೆಯ ಮಹಿಮೆ ನನಗೂ ಗೊತ್ತು, ಆದರೆ ಯುದ್ಧದ ನಡುವೆ ಯಾವ ಸೈನಿಕನೂ ಹೀಗೆ ಉಪನ್ಯಾಸ ಕೊಡಲಾರ. ಅದನ್ನು ಕತ್ತರಿಸಿ ಬೇರೆಯೇ ಲೇಖನ ಮಾಡಿ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಬಾವಿಯೊಂದರಲ್ಲಿ ಸಾವಿರದಷ್ಟು ರಾಕೆಟ್ ಸಿಕ್ಕವಲ್ಲ, ಅಲ್ಲಿಗೆ ಹೋಗಿ ಬಂದು ಬರೆದರೆ ನಾನೇ ಕೇಳಿ ಪಡೆಯುತ್ತೇನೆ.

ಈಗ ಹನ್ನೊಂದನೆಯ ಪುಟ. ರಾಕೆಟ್ಟುಗಳೆಲ್ಲ ಹಾರಿದ ಮೇಲೆ ಖಾಲಿ ಕೊಳವೆಗಳ ಬಾಯಿಗೆ ಗಾಳಿ ಸಿಕ್ಕಿ, ಮಕ್ಕಳು ಬಾಟಲಿಯ ಬಾಯಿಗೆ ಊದಿದಂತೆ ಸದ್ದಾಗುತ್ತದೆ ಎಂದು ಬರೆದಿದ್ದೀರಿ. ಹತ್ತು ಪುಟಗಳ ‘ಸಿಡಿಲಬ್ಬರ’, ‘ಪ್ರಳಯಾಗ್ನಿ’ಗಳಲ್ಲಿ ಕೇಳಿಸದ ಯುದ್ಧ ನನಗೆ ಈ ಒಂದು ಸಾಲಿನಲ್ಲಿ ಕೇಳಿಸಿತು. ಆಮೇಲೆ ನೀವು ಮಾಡಿದ್ದೇನು? ಮರುವಾಕ್ಯದಲ್ಲೇ ವಿಜಯಘೋಷ ಹಾಕಿಸಿಬಿಟ್ಟಿರಿ.

ಅಲ್ಲಿ ನಿಲ್ಲಿ. ಹೊಗೆ ಮತ್ತು ಬೆಂಕಿಯ ಗೆರೆ ನಿಮ್ಮವರ ಜಾಗವನ್ನು ಶತ್ರುವಿಗೆ ತೋರಿಸಿಕೊಟ್ಟಿದೆ. ಅವನ ಫಿರಂಗಿ ಉತ್ತರ ಕೊಡುವುದರೊಳಗೆ ಟ್ರಕ್ ಅಲ್ಲಿಂದ ಕಾಲ್ತೆಗೆಯಬೇಕು. ಹೊಸ ಜಾಗದಲ್ಲಿ ಮತ್ತೆ ತುಂಬಬೇಕು: ಒಂದೊಂದು ರಾಕೆಟ್ ಸುಮಾರು 66 ಕಿಲೋ, ಉದ್ದ ಮೂರು ಮೀಟರಿಗೆ ಸ್ವಲ್ಪ ಕಡಿಮೆ. ಹೆಗಲು ಕೊಟ್ಟು ಎತ್ತಿ ಕೊಳವೆಗೆ ತೂರಿಸಬೇಕು. ಇಂಥವು ನಲವತ್ತು, ಎಂದರೆ ಎರಡೂವರೆ ಟನ್ನಿಗೂ ಹೆಚ್ಚು, ಹತ್ತು ಸಾವಿರ ಅಡಿಗೂ ಎತ್ತರದ ದ್ರಾಸ್‌ನ ತೆಳುಗಾಳಿಯಲ್ಲಿ. ಯಾರ ಉಸಿರು ಮೊದಲು ಕಟ್ಟುತ್ತದೆ? ಯಾರ ಕೈ ಜಾರುತ್ತದೆ? ಎತ್ತುವಾಗ ಯಾರು ಮಾತಾಡುತ್ತಾರೆ, ಯಾರು ಆಡುವುದಿಲ್ಲ? ನಿಮ್ಮ ಹವಾಲ್ದಾರರ ಮಂಡಿನೋವನ್ನು ಮೂರನೆಯ ಪುಟದಲ್ಲಿ ಹೇಳಿ ಮರೆತುಬಿಟ್ಟಿದ್ದೀರಿ. ಅದು ಬೇಕಾಗುವುದು ಇಲ್ಲಿ.

ಹದಿನಾಲ್ಕು ಪುಟ ಬೇಡ, ಏಳು ಸಾಕು. ಗುಂಡಿ ಒತ್ತುವುದನ್ನು ಮೊದಲ ಪ್ಯಾರಾದಲ್ಲೇ ಮುಗಿಸಿ. ಮತ್ತೆ ಕಳಿಸುವಾಗ ಪುಟಸಂಖ್ಯೆ ಹಾಕಿ. ಈ ಸಲ ಪ್ರತಿಯ ಹಾಳೆಗಳು ಕಲಸಿಹೋಗಿ, ಆರನೆಯ ಪುಟದಲ್ಲಿ ಸತ್ತವರು ಎಂಟರಲ್ಲಿ ಚಹಾ ಕುಡಿಯುತ್ತಿದ್ದರು.

ಇತಿ,
ಸಂಪಾದಕ