ಓದುಗರ ಪ್ರಶ್ನೆ: ಮಳೆಗಾಲಕ್ಕೆ ಆರಿಹೋಗುವ ಸೋಲಾರ್ ಬೋರ್ಡ್

ಪ್ರಶ್ನೆ: ಘಾಟಿ ರಸ್ತೆಯ ಕಾಮಗಾರಿಗೆ ಸಂದೇಶ ತೋರಿಸುವ, ಟ್ರೇಲರ್ ಮೇಲಿನ ಸೋಲಾರ್ ಎಲ್‌ಇಡಿ ಬೋರ್ಡ್ ನಿಲ್ಲಿಸಿದ್ದೇವೆ. 150 ವ್ಯಾಟಿನ ಎರಡು ಪ್ಯಾನಲ್, 12 ವೋಲ್ಟ್ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಎರಡು ಲೆಡ್ ಆಸಿಡ್ ಬ್ಯಾಟರಿ ಇವೆ. ಬೇಸಿಗೆಯಲ್ಲಿ ಚೆನ್ನಾಗಿತ್ತು; ಜೂನ್‌ನಲ್ಲಿ ಮೂರ್ನಾಲ್ಕು ದಿನಕ್ಕೆ ಆರಿಹೋಗುತ್ತಿದೆ. ಇನ್ನೆರಡು ಬ್ಯಾಟರಿ ಹಾಕಿದರೆ ಸಾಕೇ?
— ಸೈಟ್ ಎಂಜಿನಿಯರ್, ಸಕಲೇಶಪುರ

ಉತ್ತರ: ಸಾಲದು. ಆರುವ ದಿನ ಮುಂದಕ್ಕೆ ಹೋದೀತು, ಅಷ್ಟೆ. ಬೋರ್ಡು ಸರಾಸರಿ 40 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 960 ವ್ಯಾಟ್-ಅವರ್ ಖರ್ಚು. ಬೇಸಿಗೆಯಲ್ಲಿ 5 ಗಂಟೆಯ ಪೂರ್ಣ ಬಿಸಿಲಿನಷ್ಟು ಬೆಳಕು ಸಿಕ್ಕರೆ, ಶೇ. 30 ನಷ್ಟ ಕಳೆದು 1050 ಬರುತ್ತದೆ. ಮಳೆಯಲ್ಲಿ ಅದು 2 ಗಂಟೆಗೆ ಇಳಿದರೆ ಬರುವುದು 420, ಕೊರತೆ 540. ನಿಮ್ಮ ಎರಡು ಬ್ಯಾಟರಿಗಳಲ್ಲಿ ಒಟ್ಟು 3600 (12 × 150 × 2); ಅರ್ಧದವರೆಗೆ ಬಳಸಿದರೆ ಸಿಗುವುದು 1800. ಮೂರು ದಿನ ದಾಟುತ್ತಲೇ ಮುಗಿಯಿತು. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಬಿಸಿಲು ಬಂದರೂ ಅದು ಮೊದಲಿನಷ್ಟು ಹಿಡಿದಿಡುವುದಿಲ್ಲ.

ಪ್ಯಾನಲ್ ಹೆಚ್ಚಿಸಿ. 600 ವ್ಯಾಟ್ ಆದರೆ ಅದೇ 2 ಗಂಟೆಯಲ್ಲಿ 840 ಬರುತ್ತದೆ. ಆದರೆ 12 ವೋಲ್ಟಿನಲ್ಲಿ ಅದು 50 ಆಂಪಿಯರ್. ಚಾರ್ಜ್ ಕಂಟ್ರೋಲರ್ (ಪ್ಯಾನಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸಾಧನ) 60 ಆಂಪಿಯರ್‌ನದ್ದಿರಲಿ. ಉಳಿದ ಕೊರತೆಗೆ ವಾರಕ್ಕೊಮ್ಮೆ ಕರೆಂಟ್ ಚಾರ್ಜರ್‌ನಿಂದ ಪೂರ್ತಿ ತುಂಬಿಸಿ. ಕೆಲಸವಿಲ್ಲದ ಹೊತ್ತಿನಲ್ಲಿ ಬೋರ್ಡನ್ನು ಖಾಲಿ ಬಿಡಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ: ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಿಮ್ಮಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕೆ ವಾಲಿಸಿದ ಪ್ಯಾನಲ್ಲನ್ನು ನೀರು ಇಳಿದುಹೋಗುವಷ್ಟು ಇಳಿಜಾರು ಬಿಟ್ಟು ಹೆಚ್ಚುಕಡಿಮೆ ಮಟ್ಟಸವಾಗಿಡಿ. ಮೋಡದ ಬೆಳಕು ಇಡೀ ಆಕಾಶದಿಂದ ಬರುವುದರಿಂದಲೂ ಇದೇ ಲಾಭ.

ಬ್ಯಾಟರಿ ಪರೀಕ್ಷೆಗೆ ಪ್ಯಾನಲ್, ಬೋರ್ಡು ಎರಡನ್ನೂ ಬ್ಯಾಟರಿಯಿಂದ ಬಿಡಿಸಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ.

ಪ್ರಶ್ನೆ: ಕನ್ನಡದ ಸಂದೇಶ ಹಾಕಿದರೆ ಅಕ್ಷರ ಕಲಸಿಹೋಗುತ್ತದೆ. ಏನು ಮಾಡಲಿ?

ಉತ್ತರ: ಇಂಗ್ಲಿಷ್ ಅಕ್ಷರಕ್ಕೆ 7 ಸಾಲು ಚುಕ್ಕಿ ಸಾಕು. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಬದಿಗೆ ದೀರ್ಘ. 14 ಸಾಲಾದರೂ ಬೇಕು. ಹಾಗಾಗಿ 28 ಸಾಲು ಚುಕ್ಕಿಯ ಬೋರ್ಡಿನಲ್ಲಿ ಬರಹದ ಎರಡೇ ಸಾಲು ಹಾಕಿ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಅಕ್ಷರ ಮೂಡಿಸುವ ಬೋರ್ಡಿನ ಕಂಟ್ರೋಲರ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಸಂದೇಶವನ್ನು ಚಿತ್ರವಾಗಿ ಮಾಡಿ ಹಾಕಿ. ಒತ್ತಿಲ್ಲದ ಪದ ಹುಡುಕಿ: ‘ರಸ್ತೆ ಬಂದ್’ ಬದಲು ‘ದಾರಿ ಬಂದ್’, ‘ಎಡಕ್ಕೆ’ ಬದಲು ಬಾಣದ ಗುರುತು.

ಅಕ್ಷರ 200 ಮೀಟರ್‌ನಿಂದ ಓದಲು ಬಂದರೆ, 60 ಕಿ.ಮೀ. ವೇಗದವನಿಗೆ ಸಿಗುವುದು 12 ಸೆಕೆಂಡ್. ಎರಡೇ ಪರದೆ, ತಲಾ 3 ಸೆಕೆಂಡ್ ಇಟ್ಟರೆ ಎರಡು ಸಲ ಓದುತ್ತಾನೆ. ಓಡುವ ಅಕ್ಷರ ಬೇಡವೇ ಬೇಡ. ಓದುತ್ತ ಕೂತವನ ಕಣ್ಣು ರಸ್ತೆಯ ಮೇಲಿರುವುದಿಲ್ಲ.

ಪ್ರಶ್ನೆ: ಬ್ಯಾಟರಿ ತುಂಬಿದ್ದರೂ ಹಗಲಲ್ಲಿ ಬೋರ್ಡು ಮಂಕು. ಯಾಕೆ?

ಉತ್ತರ: ಬೆಳಕಿನ ಸೆನ್ಸರ್ ಮೇಲೆ ಕೆಸರು ಮೆತ್ತಿರಬೇಕು, ಬೋರ್ಡು ರಾತ್ರಿಯೆಂದೇ ತಿಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ.