‘ಇದು ಹೂಡಿಕೆ’ ಎಂದ ಗಂಡ

(ಹೆಸರು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಉಡುಪಿಯ ಈ ದಂಪತಿ ಆಪ್ತಸಲಹೆಗೆ ನನ್ನ ಬಳಿ ಬಂದದ್ದು ಆಟಿ ತಿಂಗಳ ಮಳೆಯಲ್ಲಿ. ಗಂಡ ಪ್ರಕಾಶ್, ನಲವತ್ತು ದಾಟಿದವರು, ಖಾಸಗಿ ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸ. ಹೆಂಡತಿ ಶೈಲಾ, ಟೀಚರ್. “ಆಟದ ಕಾರಿಗೆ ಇವರು ದುಡ್ಡು ಸುರೀತಾರೆ” ಎಂಬುದು ಶೈಲಾ ಅವರ ದೂರು.

‘ಆಟದ ಕಾರು’ ಎಂದಾಗ ಪ್ರಕಾಶ್ ಮುಖ ಬಿಗಿಯಾಯಿತು. ಅವರು ಸಂಗ್ರಹಿಸುವುದು ಹಳೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳನ್ನು. ಅಮೆರಿಕದ ಎಎಂಟಿ, ರೆವೆಲ್, ಮೊನೊಗ್ರಾಮ್ ಕಂಪೆನಿಗಳ 1960-70ರ ದಶಕದ ಪೆಟ್ಟಿಗೆಗಳು. ನಿಜ ಕಾರಿನ 24ನೇ ಅಥವಾ 25ನೇ ಒಂದರಷ್ಟು ಅಳತೆ. ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಹಚ್ಚಿ ಕಾರು ಕಟ್ಟಬೇಕು. ಎಎಂಟಿಯ ‘ತ್ರೀ ಇನ್ ಒನ್’ ಪೆಟ್ಟಿಗೆಯಲ್ಲಿ ಒಂದೇ ಕಾರನ್ನು ಮೂರು ಬಗೆಯಲ್ಲಿ ಕಟ್ಟುವಷ್ಟು ಭಾಗಗಳಿರುತ್ತವೆ. “ಒಂದು ಬಗೆಯಲ್ಲಾದ್ರೂ ಕಟ್ಟಿದ್ದಾರಾ ಕೇಳಿ” ಎಂದರು ಶೈಲಾ. ಕಟ್ಟಿರಲಿಲ್ಲ. ಸೀಲ್ ಒಡೆದರೆ ಬೆಲೆ ಇಳಿಯುತ್ತದಂತೆ.

ಇದು ಕಾಯಿಲೆಯಾ ಎಂಬ ಭಯ ಶೈಲಾ ಅವರಿಗಿತ್ತು. ಏನನ್ನೂ ಎಸೆಯಲಾಗದೆ ಮನೆ ತುಂಬಿಸಿಕೊಳ್ಳುವ ‘ಹೋರ್ಡಿಂಗ್’ ಎಂಬ ತೊಂದರೆ ಇದೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಪ್ರಕಾಶ್ ಅವರದು ಅದಲ್ಲ. ಒಂದು ಕೋಣೆ, ಕಂಪೆನಿವಾರು ಜೋಡಿಸಿದ ಕಪಾಟು, ಸಾಲ ಇಲ್ಲ.

ಮತ್ತೆ ಜಗಳ ಯಾವುದಕ್ಕೆ? ಪಾರ್ಸೆಲ್‌ಗಳು ಮನೆಗೆ ಬರದೆ ಗೆಳೆಯನ ಅಂಗಡಿಗೆ ಬರುತ್ತಿದ್ದವು. ಅಮೆರಿಕದ ಭಾನುವಾರ ಸಂಜೆಯ ಆನ್‌ಲೈನ್ ಹರಾಜು ಮುಗಿಯುವಾಗ ನಮಗೆ ಸೋಮವಾರ ಬೆಳಿಗ್ಗೆ. ಮಕ್ಕಳ ಶಾಲೆಯ ಗಡಿಬಿಡಿಯಲ್ಲಿ ಇವರು ಫೋನ್ ಹಿಡಿದು ಬಚ್ಚಲುಮನೆಯಲ್ಲಿ! ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಡಿಹ್ಯುಮಿಡಿಫೈಯರ್, ಗಾಳಿಯ ತೇವ ಹೀರುವ ಮೆಶಿನ್. ನಮ್ಮ ಮಳೆಗಾಲದ ಥಂಡಿಗೆ ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ ಎಂದು ತಂದು ಕಿಟ್‌ಗಳ ಕೋಣೆಯಲ್ಲಿಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಶೈಲಾ ಅವರ ತಾಯಿ ಅದೇ ಥಂಡಿಯಲ್ಲಿ ಕೆಮ್ಮುತ್ತಾ ಮಲಗುತ್ತಿದ್ದರು.

“ಇದು ಹೂಡಿಕೆ ಮೇಡಂ, ಚಿನ್ನದ ಹಾಗೆ” ಎಂದರು ಪ್ರಕಾಶ್. ನಾನು ಒಪ್ಪಲಿಲ್ಲ. ಹಳೆಯ ಅಚ್ಚಿನಿಂದ ಅದೇ ಕಿಟ್ ಮತ್ತೆ ಮಾರುಕಟ್ಟೆಗೆ ಬಂದರೆ ಮೊದಲಿನದರ ಬೆಲೆ ಬೀಳಬಹುದು ಎಂದು ಅವರೇ ಆಗಷ್ಟೇ ಹೇಳಿದ್ದರು. ಪೆಟ್ಟಿಗೆಯೊಳಗೇ ವಿನೈಲ್ ಟಯರ್ ತಾಗಿದ ಕಡೆ ಪ್ಲಾಸ್ಟಿಕ್ ಕರಗುವುದೂ ಉಂಟಂತೆ. ಚಿನ್ನವನ್ನು ನಾಳೆಯೇ ಮಾರಬಹುದು. ಇದನ್ನು ಉಡುಪಿಯಲ್ಲಿ ಯಾರಿಗೆ ಮಾರುವುದು?

ಸ್ವಲ್ಪ ಹೊತ್ತು ಬಿಟ್ಟು, “ನೋಡಿದ್ರೆ ಖುಷಿಯಾಗ್ತದೆ, ಅಷ್ಟೇ” ಎಂದರು. ಶೈಲಾ ಕರಗಲಿಲ್ಲ. “ಖುಷಿಗೆ ಅಂತ ಹೇಳಿದ್ರೆ ಎಷ್ಟಾಯ್ತು ಅಂತ ಕೇಳ್ತಿದ್ದೆ. ಹೂಡಿಕೆ ಅಂದ್ರೆ ಕೇಳ್ಲಿಕ್ಕೂ ಆಗುದಿಲ್ಲ.” ನನ್ನ ಪ್ರಕಾರ ಇಡೀ ಪ್ರಕರಣ ಇದರಲ್ಲೇ ಇತ್ತು.

ಸಲಹೆ ಕೊಟ್ಟೆ. ಮೆಶಿನ್ ಇವತ್ತೇ ಅಮ್ಮನ ಕೋಣೆಗೆ ಹೋಗಲಿ. ಪೆಟ್ಟಿಗೆಗಳನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಗಳಲ್ಲಿ ಸಿಲಿಕಾ ಜೆಲ್ ಹಾಕಿ ಇಡಬಹುದು. ಪಾರ್ಸೆಲ್ ಮನೆ ವಿಳಾಸಕ್ಕೇ ಬರಲಿ. ಹರಾಜಿನಲ್ಲಿ ಗರಿಷ್ಠ ಮೊತ್ತವನ್ನು ಮೊದಲೇ ನಮೂದಿಸಿಟ್ಟರೆ ಆ ಮಿತಿಯವರೆಗೆ ಬಿಡ್ ತಾನಾಗಿ ಏರುತ್ತದೆ, ಸೋಮವಾರ ಬೆಳಿಗ್ಗೆ ಫೋನ್ ಹಿಡಿಯಬೇಕಿಲ್ಲ. ತಿಂಗಳಿಗೆ ಇಬ್ಬರೂ ಒಪ್ಪಿದ ಒಂದು ಮೊತ್ತ, ಅಷ್ಟೇ ಮೊತ್ತ ಶೈಲಾ ಅವರಿಗೂ, ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಈಗಲೇ ಮಾರಿಸಬೇಡಿ ಎಂದು ಶೈಲಾ ಅವರಿಗೆ ಹೇಳಿದೆ. ಸಿಟ್ಟಿನಲ್ಲಿ ಮಾರಿಸಿದ್ದನ್ನು ಗಂಡಸರು ಬೇಗ ಮರೆಯುವುದಿಲ್ಲ. ನೆಂಟರ ಎದುರು ‘ಆಟದ ಕಾರು’ ಎನ್ನುವುದನ್ನೂ ಬಿಡಿ ಎಂದೆ. ಸಾಲ ಮಾಡಿ ಕೊಳ್ಳುವುದು, ನಿದ್ದೆ ಕೆಡುವುದು ಶುರುವಾದರೆ ಮಾತ್ರ ತಡ ಮಾಡದೆ ಬರಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ, ಉಚಿತ.

ಮುಂದಿನ ಭೇಟಿಯ ಹೊತ್ತಿಗೆ ಮೆಶಿನ್ ಅಮ್ಮನ ಕೋಣೆಯಲ್ಲಿತ್ತು, ಪಾರ್ಸೆಲ್ ಮನೆಗೇ ಬರುತ್ತಿತ್ತು. ತಿಂಗಳ ಮೊತ್ತದ ತಕರಾರು ಮಾತ್ರ ಮುಗಿದಿಲ್ಲ. ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಆ ಲೆಕ್ಕದಿಂದ ಹೊರಗಿರಲಿ ಎನ್ನುತ್ತಾರೆ ಪ್ರಕಾಶ್. ಅದು ಆಗುದಿಲ್ಲ ಎನ್ನುತ್ತಾರೆ ಶೈಲಾ. ಈ ವಿಷಯದಲ್ಲಿ ನಾನು ಶೈಲಾ ಅವರ ಕಡೆ.